ಸದ್ದಿಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡದ್ದು

"ಫೋನನ್ನ ಯಂತ್ರದ ಹೊಟ್ಟೆಗೆ ಹಿಡೀರಿ ಸಾರ್. ಮುಂದಿನ ಬಾಗಿಲಿಗಲ್ಲ, ಕೆಳಗೆ, ಎಡಗಡೆಗೆ. ಹಾಂ, ಅಲ್ಲೇ. ಈಗ ಬಟನ್ ಒತ್ತಿ. ಒತ್ತಿದ ಮೇಲೆ ನೀವು ಮಾತಾಡ್ಬೇಡಿ, ಅದು ಮಾತಾಡ್ಲಿ."

ಬಟ್ಟೆ ಒಗೆಯುವ ಯಂತ್ರಗಳನ್ನು ಮಾರುವ ಕಂಪನಿಯ ದೂರು ವಿಭಾಗದಲ್ಲಿ ರೇಡಿಯೋ ಅತ್ತೆಯ ಕೆಲಸವೇ ಇದು. ದೂರು ಹೇಳುವವರ ಮಾತನ್ನು ಆಕೆ ಅರ್ಧ ಕಿವಿಯಲ್ಲಿ ಕೇಳುತ್ತಾಳೆ. ಉಳಿದ ಒಂದೂವರೆ ಕಿವಿ ಯಂತ್ರಕ್ಕೆ. ಬೆಲ್ಟ್ ಸಡಿಲವಾಗಿದೆಯೋ, ಪಂಪಿನಲ್ಲಿ ಗುಂಡಿ ಸಿಕ್ಕಿಕೊಂಡಿದೆಯೋ, ಕಾಲುಗಳು ಸಮವಾಗಿ ನಿಂತಿಲ್ಲವೋ ಎಂಬುದು ಫೋನಿನಲ್ಲೇ ತಿಳಿಯುತ್ತದೆ. ಅವತ್ತು ಒಬ್ಬ ಗಿರಾಕಿ, ಯಂತ್ರ ಭೂಕಂಪದ ಹಾಗೆ ಕುಣಿಯುತ್ತಿದೆ, ಹೊಸದು ಕೊಡಿ ಎಂದು ಕೂಗಾಡುತ್ತಿದ್ದ. ಅತ್ತೆ ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಸಾರ್, ಯಂತ್ರ ಕುಣೀತಿಲ್ಲ. ನೀವು ಹಿಡ್ಕೊಂಡು ಕುಣಿಸ್ತಿದ್ದೀರ. ನಿಮ್ಮ ವಾಚಿನ ಪಟ್ಟಿ ತಗಡಿಗೆ ಬಡೀತಿದೆ."

ಆ ಕಡೆ ಫೋನ್ ಕಟ್ಟಾಯಿತು. ಅತ್ತೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಪಕ್ಕದ ಮೇಜಿನವಳಿಗೆ ಕೇಳುವಷ್ಟು ಜೋರಾಗಿ ನಕ್ಕಳು.

ಹುಟ್ಟಿದಾಗಿನಿಂದ ಆಕೆಗೆ ಕಣ್ಣಿಲ್ಲ. ಬೆಳಕು ಎಂದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ, "ನಿಮಗೆ ಬಾವಲಿ ಕೂಗೋದು ಕೇಳಿಸುತ್ತಾ? ಇಲ್ಲವಲ್ಲ? ಅದಿಲ್ಲ ಅಂತ ಅಳ್ತೀರಾ?" ಎಂದು ಬಾಯಿ ಮುಚ್ಚಿಸುತ್ತಾಳೆ. ರೇಡಿಯೋ ಎಂದು ಹೆಸರಿಟ್ಟವನು ತಮ್ಮ, ಚಿಕ್ಕವನಿದ್ದಾಗ. ಗಾಳಿಯಲ್ಲಿ ಹೋಗುವುದನ್ನೆಲ್ಲ ಹಿಡಿಯುತ್ತಾಳೆ, ಹಿಡಿದದ್ದನ್ನೆಲ್ಲ ಬಿತ್ತರಿಸುತ್ತಾಳೆ ಎಂದು. ಅವನ ಮಗಳು ಮಾತು ಕಲಿತ ಮೇಲೆ ಅದು ರೇಡಿಯೋ ಅತ್ತೆಯಾಯಿತು. ಈಗ ಬೀದಿಯವರಿಗೂ ಅದೇ ಹೆಸರು.

ತಮ್ಮನ ಮನೆಯಲ್ಲೇ ಆಕೆಯ ವಾಸ. ಸಂಜೆ ಕೆಲಸ ಮುಗಿಸಿ ಬಂದು ಸೋಫಾದ ಮೂಲೆಯಲ್ಲಿ ಕುಳಿತು ಫೋನಿಗೆ ಬಂದ ಸಂದೇಶಗಳನ್ನು ಕೇಳಿಸಿಕೊಳ್ಳುವುದು ಆಕೆಯ ಸುಖ. ಫೋನು ಓದಿ ಹೇಳುವ ವೇಗವನ್ನು ಆಕೆ ಎಷ್ಟು ಏರಿಸಿಟ್ಟಿದ್ದಳೆಂದರೆ, ಬೇರೆಯವರಿಗೆ ಅದು ಮಾತೆಂದೇ ತಿಳಿಯುತ್ತಿರಲಿಲ್ಲ.

"ಅತ್ತಿಗೆ, ಅದೇನು ಫೋನೊಳಗೆ ಸೊಳ್ಳೆ ಸಾಕಿದ್ದೀರಾ?" ಎಂದು ತಮ್ಮನ ಹೆಂಡತಿ ಕೇಳುತ್ತಿದ್ದಳು.

"ಹೌದು ಕಣೆ, ಒಂದು ಸಂಸಾರವೇ ಇದೆ," ಎನ್ನುತ್ತಿದ್ದಳು ಅತ್ತೆ. ಆ ಸೊಳ್ಳೆ ಅದೇ ಹೊತ್ತಿಗೆ ಅತ್ತೆಯ ಗೆಳತಿ ತನ್ನ ನಾದಿನಿಯ ಬಗ್ಗೆ ಬರೆದದ್ದನ್ನು ಎಲ್ಲರೆದುರೇ ಗಟ್ಟಿಯಾಗಿ ಓದುತ್ತಿರುತ್ತಿತ್ತು.

ಹಾಗೆಂದು ಅತ್ತೆ ಹೇಳಿದ್ದೆಲ್ಲ ನಿಜವಾಗುತ್ತಿತ್ತು ಎಂದಲ್ಲ. ಮೇಲಿನ ಮನೆಯಲ್ಲಿ ಸಾಮಾನು ಎಳೆಯುವ ಸದ್ದು ಕೇಳಿ, ಅವರು ಗಂಡ ಹೆಂಡತಿ ಬೇರೆಯಾಗುತ್ತಿದ್ದಾರೆ ಎಂದು ಇಡೀ ಕಟ್ಟಡಕ್ಕೆ ಸುದ್ದಿ ಹಂಚಿದ್ದಳು. ಅವರು ಹೊಸ ಮಂಚ ತಂದಿದ್ದರು. "ಅಕ್ಕನ ಕಿವಿ ಸುಳ್ಳು ಹೇಳಲ್ಲ. ಕಿವಿಯಿಂದ ಬಾಯಿಗೆ ಬರೋ ದಾರೀಲಿ ಏನೋ ಆಗುತ್ತೆ," ಎಂದು ತಮ್ಮ ಹೇಳುತ್ತಿದ್ದ.

ಆ ದಾರಿಯಲ್ಲಿ ಏನಾಗುತ್ತದೆ ಎಂಬುದನ್ನೇ ಓದುತ್ತಿದ್ದವಳು ಅವನ ಮಗಳು ಗುಬ್ಬಿ. ಹೆಸರಿಗೆ ಗುಬ್ಬಿ, ಈಗ ಅಪ್ಪನಿಗಿಂತ ಎತ್ತರ. ವಿಶ್ವವಿದ್ಯಾಲಯದಲ್ಲಿ ಮೆದುಳಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಒಂದು ಸಂಜೆ ಅತ್ತೆಯ ಪಕ್ಕ ಬಂದು ಕುಳಿತಳು. ಕುಳಿತ ರೀತಿಯಿಂದಲೇ ಅತ್ತೆಗೆ ಗೊತ್ತಾಯಿತು, ಏನೋ ಬೇಕಾಗಿದೆ.

"ಕೇಳು. ಬೇಗ ಕೇಳು," ಎಂದಳು ಅತ್ತೆ.

"ನಿಮ್ಮ ತಲೆ ಬೇಕು ಅತ್ತೆ."

"ತಗೊಂಡ್ ಹೋಗು. ವಾಪಸ್ ತರೋವಾಗ ಬಾಚಿ ತಾ."

ವಿಷಯ ಇಷ್ಟು. ಹುಟ್ಟಿನಿಂದ ಕಣ್ಣಿಲ್ಲದವರು ದೊಡ್ಡದೊಂದು ಕೊಳವೆಯಂಥ ಯಂತ್ರದಲ್ಲಿ ಮಲಗಿ ಶಬ್ದಗಳನ್ನು ಕೇಳಬೇಕು. ಕೇಳುವಾಗ ಮೆದುಳಿನ ಯಾವ ಭಾಗ ಕೆಲಸ ಮಾಡುತ್ತದೆ ಎಂದು ಯಂತ್ರ ಚಿತ್ರ ತೆಗೆಯುತ್ತದೆ. ನೋವಿಲ್ಲ, ಸೂಜಿಯಿಲ್ಲ. ಅಲ್ಲಾಡದೆ ಮಲಗಬೇಕು, ಬಾಯಿ ಮುಚ್ಚಿಕೊಂಡಿರಬೇಕು.

"ಎರಡನೇದು ಕಷ್ಟ," ಎಂದ ತಮ್ಮ, ಒಳಕೋಣೆಯಿಂದ.

ಪ್ರಯೋಗಾಲಯದಲ್ಲಿ ಪ್ರೊಫೆಸರ್ ಬಾಗಿಲ ತನಕ ಬಂದು ಬರಮಾಡಿಕೊಂಡರು. ಪ್ರತಿ ವಾಕ್ಯಕ್ಕೂ ಮೊದಲು ಗಂಟಲು ಸರಿಮಾಡಿಕೊಳ್ಳುವ ಮನುಷ್ಯ, ಆದರೆ ಉತ್ಸಾಹಿ. ಅತ್ತೆಯ ತಲೆಯ ಹಿಂಭಾಗವನ್ನು, ಅನುಮತಿ ಕೇಳಿ, ಎರಡು ಬೆರಳಿನಿಂದ ಮುಟ್ಟಿ ತೋರಿಸಿದರು.

"ನೋಡಿ, ಇಲ್ಲಿ. ಕಣ್ಣು ಕಂಡದ್ದನ್ನ ಅರ್ಥ ಮಾಡ್ಕೊಳ್ಳೋ ಜಾಗ ಇದು. ನಿಮಗೆ ಹುಟ್ಟಿದಾಗಿನಿಂದ ಕಣ್ಣಿಂದ ಸುದ್ದಿ ಬರ್ಲಿಲ್ಲ. ಹಾಗಂತ ಈ ಜಾಗ ಸುಮ್ಮನೆ ಕೂತಿಲ್ಲ. ಶಬ್ದ, ಮಾತು, ಯಾವ ಸದ್ದು ಎಲ್ಲಿಂದ ಬಂತು, ಇದನ್ನೆಲ್ಲ ನೋಡ್ಕೊಳ್ಳೋ ಕೆಲಸ ಹಿಡಿದಿರುತ್ತೆ. ನಮ್ಮಂಥೋರಿಗೆ ಮಾತು ಕೇಳೋಕೆ ಇರೋ ಜಾಗದ ಜೊತೆಗೆ ನಿಮಗೆ ಇದೂ ಸೇರುತ್ತೆ."

"ಅಂದ್ರೆ ನನಗೆ ತಲೆಯ ಹಿಂದೇನೂ ಕಿವಿ ಇದೆ ಅನ್ನಿ."

"ಒಂಥರಾ ಹಾಗೇ," ಎಂದು ಪ್ರೊಫೆಸರ್ ನಕ್ಕರು.

"ಗುಬ್ಬಿ, ಇದನ್ನ ಬರ್ಕೊಂಡು ನಿಮ್ಮಪ್ಪಂಗೆ ಓದಿ ಹೇಳು."

ಯಂತ್ರ ನಡೆಸುವ ಯುವಕನೊಬ್ಬನಿದ್ದ. ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟ್. ಅದು ಹಲ್ಲಿಗೆ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಅತ್ತೆ ಮನಸ್ಸಿನಲ್ಲೇ ಅವನಿಗೆ ಪೆಪ್ಪರ್‌ಮಿಂಟ್ ಎಂದು ಹೆಸರಿಟ್ಟಳು. ಅವನು ಆಕೆಯ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟ. ಗಾಬರಿಯಾದರೆ ಒತ್ತಬಹುದು. ಅವನೂ ಗುಬ್ಬಿಯೂ ಪಕ್ಕದ ಕೋಣೆಯಲ್ಲಿ ಗಾಜಿನ ಆಚೆ ಕುಳಿತಿರುತ್ತಾರೆ. ಅಲ್ಲಿಂದ ಮೈಕಿನಲ್ಲಿ ಮಾತಾಡುತ್ತಾರೆ. ಪ್ರೊಫೆಸರ್ ಪಾಠ ಮಾಡಲು ಹೋದರು. ಮಲಗಿದ್ದ ಹಲಗೆ ಜಾರಿ ಅತ್ತೆ ಕೊಳವೆಯೊಳಗೆ ಹೋದಳು.

ಒಳಗೆ ಹೋದವಳಿಗೆ ಮೊದಲು ಅನಿಸಿದ್ದು, ಈ ಯಂತ್ರದ ಬೇರಿಂಗ್ ಹೋಗಿದೆ ಎಂದು. ಅಷ್ಟು ಗಡಗಡ. ಅದನ್ನು ಹೇಳಿಯೂ ಹೇಳಿದಳು. "ಇದರಲ್ಲಿ ಬೇರಿಂಗ್ ಇಲ್ಲ ಅತ್ತೆ, ಸುಮ್ಮನೆ ಮಲ್ಕೊಳ್ಳಿ," ಎಂದಳು ಗುಬ್ಬಿ ಮೈಕಿನಲ್ಲಿ.

ಶಬ್ದಗಳು ಶುರುವಾದವು. ಸ್ವಲ್ಪ ಹೊತ್ತು ಟೊಂಯ್, ಟೊಂಯ್. ಎಡಕ್ಕೊಂದು, ಬಲಕ್ಕೊಂದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಯಂತ್ರದ ಗಡಗಡ ಮಾತ್ರ. ಮತ್ತೆ ಟೊಂಯ್. ಇಂಥ ಟೊಂಯ್‌ಗಳನ್ನು ದಿನವಿಡೀ ಕೇಳಿ ಸಂಬಳ ಎಣಿಸುವ ಹೆಂಗಸು ಆಕೆ. ಎರಡನೇ ಸುತ್ತಿಗೇ ಆಕಳಿಕೆ ಬಂತು. ಬಾಯಿ ತೆರೆದರೆ ತಲೆ ಅಲ್ಲಾಡುತ್ತದೆಂದು ಹಲ್ಲು ಕಚ್ಚಿ ಆಕಳಿಕೆಯನ್ನು ಮೂಗಿನಲ್ಲಿ ಬಿಟ್ಟಳು. ನಿದ್ದೆ ಹತ್ತುವುದರಲ್ಲಿತ್ತು.

ಆಗ ಆ ಏನೂ ಇಲ್ಲದ ಹೊತ್ತಿನಲ್ಲಿ, ಗಡಗಡದ ತಳದಲ್ಲಿ, ಟಿಕ್ ಎಂದು ಪೆಪ್ಪರ್‌ಮಿಂಟ್ ಹಲ್ಲಿಗೆ ತಾಗಿದ್ದು ಕೇಳಿಸಿತು.

ಮೈಕನ್ನು ಆರಿಸುವುದು ಮರೆತಿದ್ದರು.

ನಿದ್ದೆ ಹಾರಿಹೋಯಿತು. ಅತ್ತೆ ಉಸಿರು ಹಿಡಿದಳು. ರೈಲು ಹೋಗುವಾಗ ಹಳಿಯ ಪಕ್ಕ ಕುಳಿತವರು ಪಿಸುಗುಟ್ಟಿದರೆ ಹೇಗೋ ಹಾಗೆ. ಒಂದು ತುಂಡು ಕೇಳಿಸಿದರೆ ಇನ್ನೊಂದು ತುಂಡನ್ನು ಯಂತ್ರ ನುಂಗುತ್ತಿತ್ತು. ಆದರೆ ಸಿಕ್ಕ ತುಂಡುಗಳೇ ಸಾಕಾಗಿದ್ದವು.

"...ಗುರುವಾರ, ಆಫೀಸ್ ತೆಗೆಯೋ ಹೊತ್ತಿಗೇ ಹೋಗ್ಬಿಡೋಣ," ಇದು ಗುಬ್ಬಿ.

"ಫೋಟೋ ರೆಡಿ ಇದೆಯಾ?" ಇದು ಪೆಪ್ಪರ್‌ಮಿಂಟ್.

"ಇದೆ. ಭಯ ಆಗ್ತಿದೆ ಕಣೋ."

"ಒಂದು ಸಹಿ ಬಿತ್ತು ಅಂದ್ರೆ ಮುಗೀತು. ಆಮೇಲೆ ನಿನ್ನನ್ನ ಯಾರೂ ತಡೆಯೋಕಾಗಲ್ಲ."

ಟೊಂಯ್, ಟೊಂಯ್. ಅತ್ತೆಗೆ ಆ ಟೊಂಯ್‌ನ ಕುತ್ತಿಗೆ ಹಿಸುಕಬೇಕೆನಿಸಿತು. ಮತ್ತೆ ಸದ್ದಿಲ್ಲದ ಹೊತ್ತು ಬಂತು.

"...ಅಪ್ಪಂಗೆ ಗೊತ್ತಾದ್ರೆ ಮನೆಯಿಂದ ಹೊರಗೆ ಬಿಡಲ್ಲ. ಬಿದ್ದಿದ್ದೂ ಹೇಳಿಲ್ಲ ಇನ್ನೂ."

"ಎಲ್ಲರೂ ಬೀಳ್ತಾರೆ. ನಾನೂ ಬಿದ್ದಿದ್ದೆ."

'ಪ್ರೀತಿಯಲ್ಲಿ' ಎಂಬ ಪದವನ್ನು ಯಂತ್ರ ನುಂಗಿತ್ತು. ಅತ್ತೆ ಅದನ್ನು ತಾನೇ ಹಾಕಿಕೊಂಡಳು.

"ಹೋದ ಸಲದ ಹಾಗೇ ಆದ್ರೆ?"

ಹೋದ ಸಲ! ಇದು ಎರಡನೇ ಪ್ರಯತ್ನವೇ?

"ಹೋದ ಸಲ ನೀನು ಹೆದರಿ ಮಧ್ಯದಲ್ಲೇ ಕಾಲು ಕೆಳಗಿಟ್ಟೆ. ಈ ಸಲ ಗಟ್ಟಿಯಾಗಿರು."

ಅಲ್ಲಿಂದ ಮುಂದೆ ಅತ್ತೆ ಟೊಂಯ್‌ಗಳನ್ನು ಕೇಳಲೇ ಇಲ್ಲ. ಸದ್ದಿಲ್ಲದ ಹೊತ್ತುಗಳಿಗಾಗಿ ಕಾದು ಕುಳಿತಳು, ಅಲ್ಲ, ಕಾದು ಮಲಗಿದಳು. ಕೈಯಲ್ಲಿದ್ದ ಗುಂಡಿಯನ್ನು ಒತ್ತಿ, ಮೈಕ್ ಆರಿಸಿ ಎಂದು ಹೇಳಬಹುದಿತ್ತು. ಗಾಬರಿಯಾದರೆ ಒತ್ತಿ ಎಂದಿದ್ದರು. ಆಕೆಗೆ ಗಾಬರಿಯಾಗಿರಲಿಲ್ಲ, ಖುಷಿಯಾಗಿತ್ತು.

ಮರುವಾರದ ಮೊದಲ ದಿನ ಪ್ರೊಫೆಸರ್ ತಾವೇ ಫೋನ್ ಮಾಡಿ ಕರೆಸಿದರು. ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತಿದ್ದರು.

"ಇಷ್ಟು ಜನರನ್ನ ನೋಡಿದ್ದೀವಿ, ಇಂಥದ್ದು ಕಂಡಿರ್ಲಿಲ್ಲ! ಶಬ್ದ ಬಂದಾಗ ನಿಮ್ಮ ಮೆದುಳಿನ ಹಿಂಭಾಗ ಸಾಧಾರಣವಾಗಿ ಕೆಲಸ ಮಾಡಿದೆ. ಆದ್ರೆ ಮೌನದ ಹೊತ್ತಿನಲ್ಲಿ... ಮೌನದಲ್ಲಿ! ಪೂರ್ತಿ ಹೊತ್ಕೊಂಡು ಉರಿದಿದೆ. ನೀವು ಮೌನವನ್ನೇ ಕೇಳಿಸ್ಕೋತೀರಿ! ಆ ಹೊತ್ತಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಧ್ಯಾನ ಮಾಡ್ತೀರಾ?"

ಗುಬ್ಬಿ ಪಕ್ಕದಲ್ಲೇ ನಿಂತಿದ್ದಳು. ಅವಳ ಪೆನ್ನು ಕಾಗದದ ಮೇಲೆ ಸರಸರ ಓಡುತ್ತಿತ್ತು. ಪಾಪದ ಹುಡುಗಿ, ತಾನೇ ಹಚ್ಚಿದ ಬೆಂಕಿ ಎಂದು ಅವಳಿಗೆ ಗೊತ್ತಿಲ್ಲ.

ಅತ್ತೆಗೆ ಧರ್ಮಸಂಕಟ. ನಿಜ ಹೇಳಿದರೆ ಗುಬ್ಬಿಯ ಗುಟ್ಟು ಬಯಲು. ಹೇಳದಿದ್ದರೆ ಈ ಮನುಷ್ಯ ಊರೆಲ್ಲ ಸುತ್ತಿ, ಕಣ್ಣಿಲ್ಲದವರು ಮೌನವನ್ನು ಕೇಳುತ್ತಾರೆ ಎಂದು ಭಾಷಣ ಮಾಡುತ್ತಾನೆ. ಯೋಚಿಸಿ, ಗುರುವಾರ ಕಳೆಯುವ ತನಕ ಎರಡನೆಯದೇ ಆಗಲಿ ಎಂದುಕೊಂಡಳು.

"ಧ್ಯಾನವೇ ಸಾರ್," ಎಂದಳು. "ಬಹಳ ಆಳವಾದದ್ದು."

ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಆಕೆಗೆ ಹೊಟ್ಟೆನೋವು ಬಂದಷ್ಟು ಕಷ್ಟವಾಯಿತು. ರೇಡಿಯೋ ಹುಟ್ಟಿದ ಮೇಲೆ ಮೊದಲ ಸಲ ಬಿತ್ತರ ನಿಂತಿತ್ತು. ಊಟದ ಹೊತ್ತಿನಲ್ಲಿ ತಮ್ಮನನ್ನು ಸುತ್ತಿ ಬಳಸಿ ವಿಚಾರಿಸಿದಳು. "ಅಲ್ಲ ಕಣೋ, ಈ ಕಾಲದ ಮಕ್ಕಳು ತಾವೇ ಏನಾದ್ರೂ ನಿರ್ಧಾರ ಮಾಡಿದ್ರೆ, ದೊಡ್ಡೋರು ಆಶೀರ್ವಾದ ಮಾಡಿ ಸುಮ್ಮನಿರ್ಬೇಕಲ್ವಾ?"

"ಯಾವ ಮಕ್ಕಳು? ಏನು ನಿರ್ಧಾರ?" ಎಂದ ತಮ್ಮ.

"ಸುಮ್ಮನೆ ಕೇಳ್ದೆ."

"ನೀನು ಸುಮ್ಮನೆ ಕೇಳೋಳಲ್ಲ," ಎಂದು ತಮ್ಮ ಚಮಚ ಕೆಳಗಿಟ್ಟ. ಗುಬ್ಬಿ ಕೆಮ್ಮಿದಳು. ತಮ್ಮನ ಹೆಂಡತಿ ಮಾತ್ರ ಪಾತ್ರೆ ಎತ್ತಿಕೊಂಡು ಹೋದಳು.

ಗುರುವಾರ ಅತ್ತೆ ರಜೆ ಹಾಕಿದಳು. ನಾಲ್ಕಾರು ಸಲ ಮಾತ್ರ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟು, ದಾರಿಯಲ್ಲಿ ಒಂದು ದೊಡ್ಡ ಹೂಗುಚ್ಛ ಕೊಂಡು, ಟ್ಯಾಕ್ಸಿಯಲ್ಲಿ ಸರ್ಕಾರಿ ಕಚೇರಿಗಳಿರುವ ಕಟ್ಟಡಕ್ಕೆ ಹೋದಳು. ಮದುವೆ ನೋಂದಾಯಿಸಲು ಸಾಕ್ಷಿಗಳು ಬೇಕು ಎಂದು ಆಕೆಗೆ ಗೊತ್ತಿತ್ತು. ಮನೆಯವರ ಕಡೆಯಿಂದ ಒಬ್ಬರೂ ಇಲ್ಲದೆ ಆ ಮಗು ಸಹಿ ಹಾಕುವುದೆಂದರೇನು? ತಾನು ಅಚಾನಕ್ಕಾಗಿ ಹಿಂದಿನಿಂದ ಹೋಗಿ, "ಸಾಕ್ಷಿ ಬೇಕಾ ಗುಬ್ಬಿ?" ಎನ್ನಬೇಕು. ಅವಳು ಬೆಚ್ಚಿಬೀಳಬೇಕು. ಆ ಬೆಚ್ಚುವ ಸದ್ದನ್ನು ಕೇಳಲು ಆಕೆ ವಾರವಿಡೀ ಕಾದಿದ್ದಳು.

ಮಹಡಿಯ ಮೇಲಿನ ನೋಂದಣಿ ಕೋಣೆಯ ಬೆಂಚಿನಲ್ಲಿ ಕುಳಿತಳು. ಅಕ್ಕಪಕ್ಕದಲ್ಲಿ ಜೋಡಿಗಳು ಗುಸುಗುಸು ಎನ್ನುತ್ತಿದ್ದವು. ಒಂದು ಜೋಡಿ ಆಗಲೇ ಜಗಳ ಶುರುಮಾಡಿತ್ತು. ಅವರಿಗೆ ನೋಂದಣಿ ಬೇಕಾಗಿಲ್ಲ, ಮದುವೆ ಆಗಿಹೋಗಿದೆ ಎಂದುಕೊಂಡಳು.

"ನೀವು ಹುಡುಗಿ ಕಡೆಯೋರೋ, ಹುಡುಗನ ಕಡೆಯೋರೋ?" ಎಂದು ಗುಮಾಸ್ತ ಕೇಳಿದ.

"ಸದ್ಯಕ್ಕೆ ಎರಡೂ ಕಡೆಗೆ ನಾನೊಬ್ಬಳೇ."

"ಹುಡುಗ ಹುಡುಗಿ ಎಲ್ಲಿ?"

"ಬರ್ತಾರೆ. ನಾಚಿಕೆ ಸ್ವಭಾವ."

ಬಹಳ ಹೊತ್ತಾಯಿತು. ಗುಬ್ಬಿಯ ಹೆಜ್ಜೆ ಸದ್ದಿಲ್ಲ, ಪೆಪ್ಪರ್‌ಮಿಂಟಿನ ಟಿಕ್ ಇಲ್ಲ. ಹೂವು ಬಾಡುತ್ತಿರುವ ವಾಸನೆ ಮೂಗಿಗೆ ಬಂತು. ಅಷ್ಟರಲ್ಲಿ, ಕಟ್ಟಡದ ಹಿಂದಿನ ಅಂಗಳದಿಂದ, ತೆರೆದ ಕಿಟಕಿಯ ಮೂಲಕ, ಒಂದು ಬೈಕಿನ ಇಂಜಿನ್ ಕೆಮ್ಮಿ ಕೆಮ್ಮಿ ಸತ್ತದ್ದು ಕೇಳಿಸಿತು. ಅದರ ಹಿಂದೆಯೇ, "ಥತ್ತೇರಿಕೆ!" ಎಂದು ಒಂದು ಹೆಣ್ಣು ದನಿ.

ಆ ಥತ್ತೇರಿಕೆಯನ್ನು ಗುಬ್ಬಿಗೆ ಕಲಿಸಿದವಳೇ ಅತ್ತೆ.

ಕೋಲು ತಡವುತ್ತ ಮೆಟ್ಟಿಲಿಳಿದಳು. ಹಿಂದಿನ ಅಂಗಳಕ್ಕೆ ಬಂದು ನಾಲಿಗೆಯಿಂದ ಲೊಚ್ಚೆಂದು ಸದ್ದು ಮಾಡಿದಳು. ಅದು ಎಲ್ಲೂ ತಾಗದೆ ಹರಡಿಹೋಯಿತು. ಎದುರಿಗೆ ದೊಡ್ಡ ಬಯಲು. ಬಲಕ್ಕೆ ಮಾತ್ರ ಏನೋ ಗಟ್ಟಿಯಾದದ್ದು ನಿಂತಿತ್ತು. ಆ ಗಟ್ಟಿಯಾದದ್ದು ಟಿಕ್ ಎಂದಿತು.

"ನೀವು... ಗುಬ್ಬಿಯ ಅತ್ತೆ ಅಲ್ವಾ?" ಎಂದ ಪೆಪ್ಪರ್‌ಮಿಂಟ್. ಅವನ ಬಾಯಿಂದ ಪೆಪ್ಪರ್‌ಮಿಂಟ್ ಕೆಳಗೆ ಬಿದ್ದದ್ದೂ ಕೇಳಿಸಿತು.

"ಹೌದಪ್ಪಾ ಅಳಿಯಂದಿರೇ. ಹುಡುಗಿ ಎಲ್ಲಿ? ಮೇಲೆ ಗುಮಾಸ್ತ ಕಾಯ್ತಿದ್ದಾನೆ."

"ಅಳಿಯ? ಯಾರು?"

ಗುಬ್ಬಿ ಓಡಿ ಬಂದಳು. ತಲೆಯ ಮೇಲೆ ಏನೋ ಟೊಳ್ಳಾದದ್ದು ಹೊತ್ತಿದ್ದಳು. ಅವಳ ದನಿ ಮಡಕೆಯೊಳಗಿಂದ ಬಂದ ಹಾಗಿತ್ತು. "ಅತ್ತೆ! ನೀವಿಲ್ಲಿ? ಇದೇನು ಹೂವು? ರೇಷ್ಮೆ ಸೀರೆ?"

"ನಿನ್ನ ಮದುವೆಗೆ ಹಳೇ ಸೀರೆ ಉಟ್ಕೊಂಡ್ ಬರ್ಲಾ?"

ಮೂರು ಜನವೂ ಒಟ್ಟಿಗೆ ಮಾತಾಡಿದರು. ಯಾರದೂ ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಪೆಪ್ಪರ್‌ಮಿಂಟ್ ದನಿ ಏರಿಸಿದ. "ಮೇಡಂ, ನನಗೆ ಮದುವೆಯಾಗಿ ಮಗಳು ಶಾಲೆಗೆ ಹೋಗ್ತಾಳೆ! ಇವತ್ತು ಇವಳ ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆ. ಸಾರಿಗೆ ಆಫೀಸೂ ಇದೇ ಕಟ್ಟಡದಲ್ಲಿದೆ. ಬೈಕು. ನನ್ನ ಹಳೇ ಬೈಕಲ್ಲಿ ನಾನೇ ಕಲಿಸಿದ್ದು."

ಅತ್ತೆಯ ತಲೆಯೊಳಗೆ ಆ ಮಾತುಗಳೆಲ್ಲ ತಿರುಗಿ ಬಂದು ಬೇರೆ ಬೇರೆ ಜಾಗದಲ್ಲಿ ಕುಳಿತವು. ಫೋಟೋ. ಸಹಿ. ಬಿದ್ದದ್ದು. ಮಧ್ಯದಲ್ಲೇ ಕೆಳಗಿಟ್ಟ ಕಾಲು. ತಮ್ಮ ಹಿಂದೊಮ್ಮೆ ಬೈಕಿನಿಂದ ಬಿದ್ದು ಮೊಣಕಾಲು ಮುರಿದುಕೊಂಡಿದ್ದ. ಅಂದಿನಿಂದ ಮನೆಯಲ್ಲಿ ಬೈಕಿನ ಹೆಸರೆತ್ತುವ ಹಾಗಿರಲಿಲ್ಲ.

"ಅಂದ್ರೆ ಬಿದ್ದಿದ್ದು ಬೈಕಿಂದ?" ಎಂದಳು ಸಣ್ಣ ದನಿಯಲ್ಲಿ.

"ಮತ್ತೆಲ್ಲಿಂದ?" ಎಂದವಳೇ ಗುಬ್ಬಿ ಥಟ್ಟನೆ ನಿಂತಳು. "ತಾಳಿ. ಬಿದ್ದಿದ್ದು ನಿಮಗೆ ಹೇಗೆ ಗೊತ್ತು?"

ಅಷ್ಟು ಹೊತ್ತಿಗೆ ಪರೀಕ್ಷೆ ನಡೆಸುತ್ತಿದ್ದ ಇನ್ಸ್‌ಪೆಕ್ಟರ್ ಕೂಗಿದರು. ಒಂದು ಸಲ ಇಂಜಿನ್ ಆರಿದೆ, ಇನ್ನೊಂದೇ ಅವಕಾಶ, ಬರ್ತೀರೋ ಇಲ್ಲವೋ? ಗುಬ್ಬಿ ಬೈಕು ಹತ್ತಿದಳು. ಹತ್ತಿದವಳಿಗೆ, ರೇಷ್ಮೆ ಸೀರೆಯುಟ್ಟು ಹೂಗುಚ್ಛ ಹಿಡಿದು ಬಿಸಿಲಿನಲ್ಲಿ ನಿಂತ ಅತ್ತೆ ಕಂಡು ನಗು ಉಕ್ಕಿತು. ನಗುತ್ತ ನಗುತ್ತಲೇ ಎಂಟರ ಆಕಾರದ ಗೆರೆಯ ಮೇಲೆ ಬೈಕನ್ನು ತಿರುಗಿಸಿದಳು. ಹೆದರಿ ಕಾಲು ಕೆಳಗಿಡುವುದು ನೆನಪಿಗೇ ಬರಲಿಲ್ಲ. ಅತ್ತೆ ಆ ಸದ್ದು ಎಡಕ್ಕೆ ಹೋಗಿ, ಬಲಕ್ಕೆ ಬಳಸಿ, ತನ್ನ ಮುಂದಿನಿಂದ ಹಾದು, ಮತ್ತೆ ಎಡಕ್ಕೆ ಹೋಗುವುದನ್ನು ಕೇಳಿದಳು. ಯಾರೂ ಹೇಳದೆಯೇ ಆಕೆಗೆ ಆ ಎಂಟು ಪೂರ್ತಿಯಾಗಿ, ದುಂಡಗೆ ತಿಳಿಯಿತು.

ಸಹಿ ಬಿತ್ತು. ಹೂಗುಚ್ಛವನ್ನು ವ್ಯರ್ಥ ಮಾಡುವುದೇಕೆಂದು ಅತ್ತೆ ಅದನ್ನು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟಳು. ಅವರು ಅದನ್ನು ಲಂಚವೆಂದು ಯಾರಾದರೂ ತಿಳಿದಾರು ಎಂದು ಹೆದರಿ ಪೆಪ್ಪರ್‌ಮಿಂಟಿಗೆ ಕೊಟ್ಟರು. ಅವನು ಹೆಂಡತಿಗೆಂದು ಇಟ್ಟುಕೊಂಡ.

"ಈಗ ನನ್ನನ್ನ ಕರ್ಕೊಂಡ್ ಹೋಗು," ಎಂದಳು ಅತ್ತೆ.

"ಎಲ್ಲಿಗೆ?"

"ಹಿಂದೆ ಕೂರಿಸ್ಕೊಂಡು, ಎಲ್ಲಿಗಾದ್ರೂ."

ಪೆಪ್ಪರ್‌ಮಿಂಟ್ ತನ್ನ ಹೆಲ್ಮೆಟ್ ಕೊಟ್ಟ. ಸೀರೆಯ ನೆರಿಗೆಯನ್ನು ಮುದುಡಿ ತೊಡೆಯ ಕೆಳಗೆ ಸೇರಿಸಿ ಅತ್ತೆ ಹಿಂದೆ ಕುಳಿತಳು. ನಿಂತು ನಿಧಾನವಾಗಿ ಕೇಳುತ್ತಿದ್ದ ಬೀದಿ ಈಗ ಆಕೆಯ ಕಡೆಗೇ ನುಗ್ಗಿ ಬಂತು. ಗೋಡೆ ಬಂದಾಗ ಇಂಜಿನಿನ ಸದ್ದು ಪಕ್ಕದಲ್ಲೇ ಗುರ್ರೆನ್ನುತ್ತಿತ್ತು. ಗೇಟು ತೆರೆದಿದ್ದ ಕಡೆ ಅದು ಒಳಗೆ ಬಿದ್ದು ಕಳೆದುಹೋಗುತ್ತಿತ್ತು. ನಿಂತ ಬಸ್ಸಿನ ಪಕ್ಕ ಹೋದಾಗ ಪಟ್ಟನೆ ಕೆನ್ನೆಗೆ ಹೊಡೆದ ಹಾಗೆ ವಾಪಸಾಗುತ್ತಿತ್ತು. ಗೋಡೆ, ಗೋಡೆ, ಸಂದಿ, ಕಂಬ, ಮರ, ಗೋಡೆ. ಸೇತುವೆಯ ಮೇಲೆ ಬಂದಾಗ ಎರಡೂ ಕಡೆ ಎಲ್ಲವೂ ತೆರೆದುಕೊಂಡು, ಒಂದು ಕ್ಷಣ ಆಕೆಗೆ ತಾನೇ ದೊಡ್ಡವಳಾದಂತೆ ಅನಿಸಿತು. ಕೂಗಿದಳು. ಪಕ್ಕದಲ್ಲಿ ಹೋಗುತ್ತಿದ್ದ ಯಾರೋ ಬೆಚ್ಚಿ ಹಾರ್ನ್ ಒತ್ತಿದರು.

ಸೇತುವೆಯ ಆಚೆ ಗುಬ್ಬಿ ಬೈಕು ನಿಲ್ಲಿಸಿದಳು. "ಈಗ ಹೇಳಿ. ಹೇಗೆ ಗೊತ್ತಾಯ್ತು?"

ಅತ್ತೆ ಹೇಳಿದಳು. ಕೇಳಿದ ಗುಬ್ಬಿ ತಲೆಯ ಮೇಲೆ ಕೈಹೊತ್ತಳು; ಹೆಲ್ಮೆಟ್ಟಿಗೆ ಉಂಗುರ ತಾಗಿ ಠಣ್ಣೆಂದಿತು. "ಅಯ್ಯೋ ಅತ್ತೆ! ಹಾಗಾದ್ರೆ ಆ ಮೌನ? ಪ್ರೊಫೆಸರ್ ಮುಂದಿನ ತಿಂಗಳು ಸಮ್ಮೇಳನದಲ್ಲಿ ಅದರ ಬಗ್ಗೆ ಮಾತಾಡ್ತಾರೆ! ಇವತ್ತೇ ಹೇಳ್ಬೇಕು."

"ನಾನೂ ಬರ್ತೀನಿ. ಧ್ಯಾನ ಅಂದೋಳು ನಾನೇ ತಾನೆ."

ಪ್ರೊಫೆಸರ್ ಪೂರ್ತಿ ಕೇಳಿಸಿಕೊಂಡರು. ಗುಬ್ಬಿಯ ಕಾಲ್ಬೆರಳು ಚಪ್ಪಲಿಯೊಳಗೆ ಮಡಚಿಕೊಳ್ಳುವುದು ಅತ್ತೆಗೆ ಕೇಳಿಸುತ್ತಿತ್ತು.

"ಮೈಕ್ ಆನ್ ಬಿಟ್ಟಿದ್ದು ದೊಡ್ಡ ತಪ್ಪು," ಎಂದರು ಪ್ರೊಫೆಸರ್. "ಆ ಚಿತ್ರಗಳನ್ನೆಲ್ಲ ಎಸೀಬೇಕು."

"ಸಾರಿ ಸರ್," ಎಂದಳು ಗುಬ್ಬಿ.

"ನೀವೂ," ಎಂದರು ಅತ್ತೆಯ ಕಡೆ ತಿರುಗಿ, "ಧ್ಯಾನ ಅಂತ ನನ್ನ ಕಿವಿಗೆ ಹೂ ಇಟ್ರಿ."

"ಇಟ್ಟೆ ಸಾರ್. ತಪ್ಪಾಯ್ತು. ನಿಮ್ಮ ಖುಷಿ ನೋಡಿ ತಡೆಯೋಕಾಗ್ಲಿಲ್ಲ."

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡರು. ಮತ್ತೊಮ್ಮೆ ಸರಿಮಾಡಿಕೊಂಡರು. ಆಮೇಲೆ ಅವರ ದನಿ ಬದಲಾಗಿತ್ತು. "ಆದ್ರೆ... ಆ ಗದ್ದಲದಲ್ಲಿ, ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದು ನಿಮಗೆ ತಿಳೀತು. ಅದಕ್ಕೇ ಹಿಂಭಾಗ ಅಷ್ಟು ಉರಿದದ್ದು. ಅರೆಬರೆ ಮಾತನ್ನ ಅದು ಜೋಡಿಸ್ತಿತ್ತು. ಟೊಂಯ್‌ನಲ್ಲಿ ಜೋಡಿಸೋಕೆ ಏನೂ ಇರ್ಲಿಲ್ಲ. ನಾವು ಇಷ್ಟು ದಿನ ಪಾಪದ ಮೆದುಳಿಗೆ ಟೊಂಯ್ ಕೇಳಿಸ್ತಾ ಇದ್ವಿ!"

"ಜೋಡಿಸಿದ್ದು ಮಾತ್ರ ತಪ್ಪು ಸಾರ್. ಲೈಸೆನ್ಸನ್ನ ಮದುವೆ ಮಾಡಿಬಿಡ್ತು."

"ತಪ್ಪಾಗಿ ಜೋಡಿಸಿದ್ರೂ ಕೆಲಸ ಕೆಲಸವೇ. ಈ ಸಲ ಬೇಕು ಅಂತಲೇ ಮಾಡೋಣ. ಗದ್ದಲದ ನಡುವೆ ಸಣ್ಣ ದನಿಯ ಮಾತು. ಒಮ್ಮೆ ಸಪ್ಪೆ ಮಾತು, ಒಮ್ಮೆ ಸ್ವಾರಸ್ಯದ್ದು. ಬರ್ತೀರಾ?"

ಎರಡನೇ ಸಲ ಪ್ರೊಫೆಸರೇ ಮೈಕಿನ ಮುಂದೆ ಕುಳಿತರು. ಸಪ್ಪೆ ಮಾತಿಗೆಂದು ಯಂತ್ರದ ಕೈಪಿಡಿಯನ್ನು ಪಿಸುಗುಟ್ಟಿ ಓದಿದರು, ಚೆನ್ನಾಗಿಯೇ ಸಪ್ಪೆಯಾಗಿತ್ತು. ಸ್ವಾರಸ್ಯದ ಮಾತಿಗೆಂದು ತಮ್ಮ ಸಹೋದ್ಯೋಗಿಯೊಬ್ಬರು ಗ್ರಂಥಾಲಯದ ಪುಸ್ತಕ ತಡವಾಗಿ ಹಿಂದಿರುಗಿಸಿದ ಕತೆ ಹೇಳಿದರು. ಅತ್ತೆಗೆ ಕೈಪಿಡಿಯೇ ವಾಸಿ ಅನಿಸಿತು. ಮೆದುಳಿನ ಹಿಂಭಾಗವೂ ಅದನ್ನೇ ಹೇಳಿತು ಎಂದು ಪೆಪ್ಪರ್‌ಮಿಂಟ್ ಪರದೆ ನೋಡಿ ವರದಿ ಮಾಡಿದ.

"ನಿಮ್ಮಿಂದ ಆಗಲ್ಲ ಸಾರ್," ಎಂದಳು ಅತ್ತೆ ಕೊಳವೆಯಿಂದ ಹೊರಬಂದು. "ಇದಕ್ಕೆ ಅಭ್ಯಾಸ ಬೇಕು. ನಾಳೆ ನನ್ನ ತಮ್ಮನ ಹೆಂಡತೀನ ಕರ್ಕೊಂಡ್ ಬರ್ತೀನಿ."

"ಅಮ್ಮನ್ನಾ?" ಎಂದಳು ಗುಬ್ಬಿ. ಅವಳಿಗೆ ಅದು ಇಷ್ಟವಾಗಲಿಲ್ಲ. ಲೈಸೆನ್ಸ್ ಇನ್ನೂ ಅವಳ ಚೀಲದ ತಳದಲ್ಲೇ ಇತ್ತು.

ತಮ್ಮನ ಹೆಂಡತಿ ಮರುದಿನ ಬಂದಳು. ಪ್ರೊಫೆಸರ್ ವಿವರಿಸಿದರು: ಅತ್ತಿಗೆಗೆ ಕುತೂಹಲ ಹುಟ್ಟಬೇಕು, ಹೊಸ ವಿಷಯವಾಗಿರಬೇಕು, ಮೆಲ್ಲಗೆ ಹೇಳಬೇಕು. ಆಕೆ ಎಲ್ಲದಕ್ಕೂ ಹೂಂ ಎಂದು, ಮೈಕಿನ ಮುಂದೆ ಸರಿಯಾಗಿ ಕುಳಿತು, ಸೆರಗು ಸರಿಮಾಡಿಕೊಂಡಳು. ಗುಬ್ಬಿ ಪಕ್ಕದಲ್ಲೇ ನಿಂತಿದ್ದಳು. ಯಂತ್ರ ಗಡಗಡ ಶುರುಮಾಡಿತು. ಅತ್ತೆ ಉಸಿರು ಹಿಡಿದು ಕಾದಳು.

"ಅತ್ತಿಗೆ," ಎಂದಿತು ಗಡಗಡದ ತಳದಿಂದ ಒಂದು ಪಿಸುಮಾತು. "ಯಾರಿಗೂ ಹೇಳ್ಬೇಡಿ. ನಮ್ಮ ಗುಬ್ಬಿ ಬೈಕ್ ಓಡಿಸ್ತಾಳೆ."

ಮೈಕಿನಲ್ಲಿ ಯಾರೋ "ಅಮ್ಮಾ!" ಎಂದು ಉಸಿರೆಳೆದರು.

"ನನಗೆ ಮೊದಲ ವಾರವೇ ಗೊತ್ತು. ತಲೆಗೂದಲು ಹೆಲ್ಮೆಟ್ಟಿಗೆ ಒತ್ತಿ ಬಟ್ಟಲು ಕವುಚಿಟ್ಟ ಹಾಗಿರುತ್ತೆ. ಒಂದು ಕರವಸ್ತ್ರ ಒಗೆಯದೋಳು, ಗ್ರೀಸ್ ಮೆತ್ಕೊಂಡ ಪ್ಯಾಂಟನ್ನ ತಾನೇ ತಿಕ್ಕಿ ತಿಕ್ಕಿ ಒಗೀತಾಳೆ. ಬಿದ್ದು ಬಂದ ದಿನ ಮೆಟ್ಟಿಲು ಹತ್ತುವಾಗ ಕುಂಟಿದ್ಲು, ನಾನು ಅವಳ ಕೋಣೇಲಿ ಮುಲಾಮು ಇಟ್ಟು ಬಂದೆ. ತಾನೇ ಮರೆತು ಇಟ್ಟಿದ್ದು ಅಂದ್ಕೊಂಡು ಹಚ್ಕೊಂಡ್ಲು. ಇನ್ನೊಂದು ವಿಷಯ ಇದೆ, ಅದು ಇದಕ್ಕಿಂತ ದೊಡ್ಡದು. ಅವರಪ್ಪಂಗೂ ಗೊತ್ತು. ದಿನಾ ಅವಳು ಬರೋ ಹೊತ್ತಿಗೆ ಬಾಲ್ಕನೀಲಿ ಗಿಡಕ್ಕೆ ನೀರು ಹಾಕೋ ನೆಪದಲ್ಲಿ ನಿಂತಿರ್ತಾರೆ. ಗಿಡ ಕೊಳೆತು ಹೋಗಿದೆ. ಅವಳಾಗಿ ಹೇಳಲಿ ಅಂತ ಕಾಯ್ತಿದ್ದಾರಂತೆ."

ಗುರುವಾರದ ತನಕ ಇಡೀ ಮನೆಯಲ್ಲಿ ವಿಷಯ ಗೊತ್ತಿಲ್ಲದೆ ಇದ್ದವಳು ತಾನೊಬ್ಬಳೇ ಎಂದು ಅತ್ತೆಗೆ ಆಗ ಹೊಳೆಯಿತು. ಗ್ರೀಸು ಕಾಣದು, ಕೂದಲು ಕಾಣದು, ಅದಿರಲಿ. ಕುಂಟಿದ ಹೆಜ್ಜೆ? ಅದನ್ನು ತಾನು ಕೇಳಿದ್ದಳು. ಕೇಳಿ, ಹುಡುಗಿ ಹೊಸ ಚಪ್ಪಲಿ ಕೊಂಡಿದ್ದಾಳೆ ಎಂದು ಪಕ್ಕದ ಮನೆಗೆ ಸುದ್ದಿಯನ್ನೂ ಕೊಟ್ಟಿದ್ದಳು. ಹೊಟ್ಟೆಯ ತಳದಿಂದ ನಗು ಎದ್ದಿತು. ತುಟಿ ಕಚ್ಚಿದಳು, ನಿಲ್ಲಲಿಲ್ಲ. ಹಲಗೆ ಅಲುಗತೊಡಗಿತು.

"ತಲೆ ಅಲ್ಲಾಡಿಸ್ಬೇಡಿ ಮೇಡಂ!" ಎಂದು ಪೆಪ್ಪರ್‌ಮಿಂಟ್ ಕೂಗಿದ. "ಚಿತ್ರವೆಲ್ಲ ಕಲಸಿಹೋಗ್ತಿದೆ!"

"ಹಿಂಭಾಗ ಹೇಗಿದೆ? ಹಿಂಭಾಗ?" ಎಂದು ಪ್ರೊಫೆಸರ್ ಕೇಳುತ್ತಿದ್ದರು.

"ಮುಂದೆ ಹೇಳ್ಲಾ, ನಿಲ್ಲಿಸ್ಲಾ?" ಎಂದಳು ತಮ್ಮನ ಹೆಂಡತಿ, ನಿಯಮದಂತೆ ಮೆಲ್ಲಗೆ. "ಇದು ಬರೀ ಪೀಠಿಕೆ."